ಎಡಜೇಬಿನ ಎರಡು ಸೀಲುಗಳು

ಹೋದ ತಿಂಗಳು ಜಯಕ್ಕನ ಮನೆಯ ಹೊಸ ಮಹಡಿಯ ಪೂಜೆಗೆ ಹೋಗಿದ್ದೆ. ಚನ್ನಪಟ್ಟಣದಿಂದ ಹೊಂಗನೂರಿನ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ಅವರ ಮನೆ. ಎಲೆ ಹಾಕಿ, ಉಪ್ಪು ಬಡಿಸಿ, ಪಲ್ಯ ಬರುವ ಹೊತ್ತಿಗೆ ಮೂಗಿಗೆ ಆ ವಾಸನೆ ಬಡಿಯಿತು. ಮೀಟರು, ಸ್ವಿಚ್ಚುಗಳ ಗಟ್ಟಿ ಬೇಕಲೈಟು ಕಾಯುವ ವಾಸನೆ. ಕೆಟ್ಟ ಮೀನಿನಂತೆ, ಜೊತೆಗೆ ಎಲ್ಲೋ ಸ್ವಲ್ಪ ಸಿಹಿ.

ನೆನಪು ಬಂತು ಎಂದು ಇಲ್ಲಿ ಬರೆಯಬೇಕು. ಆದರೆ ಮೊದಲು ಬಂದದ್ದು ನೆನಪಲ್ಲ. ಬಲಗೈ ಎಲೆಯ ಮೇಲಿದ್ದಾಗಲೇ ಎಡಗೈ ಎದ್ದು ಅಂಗಿಯ ಎಡಜೇಬನ್ನು ಮುಟ್ಟಿ ನೋಡಿಕೊಂಡಿತು. ಅದರಲ್ಲಿ ಏನೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ನೆನಪು ಆಮೇಲೆ ಬಂತು. ಬರುವಾಗ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂತು. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಯಾಕಿಲ್ಲ ಎಂದು ಹೇಳಲು ಒಂದು ಆಷಾಢಕ್ಕೆ ಹಿಂದಿರುಗಬೇಕು.

ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿತ್ತು. ಅಲ್ಲಿ ಕೆಲಸಕ್ಕೆ ಸೇರಿದವರು ಅಲ್ಲಿ ಬಾಡಿಗೆ ಸಿಗದೆ ರೈಲು ಹತ್ತಿ ಚನ್ನಪಟ್ಟಣದವರೆಗೂ ರೂಮು ಹುಡುಕಿಕೊಂಡು ಬರುತ್ತಿದ್ದರು. ಹಿತ್ತಲಿದ್ದವರೆಲ್ಲ ಹಿತ್ತಲಲ್ಲಿ ಶೀಟಿನ ರೂಮು ಎಬ್ಬಿಸಿದರು. ವೈರ್‌ಮನ್ ಪರ್ಮಿಟ್ ಇದ್ದ ನಾವು ನಾಲ್ಕೈದು ಜನಕ್ಕೆ ಉಸಿರಾಡಲು ಪುರುಸೊತ್ತಿಲ್ಲ. ನಾಲ್ಕು ಬಲ್ಬು, ಒಂದು ಫ್ಯಾನಿಗೆಂದು ಮಂಜೂರಾದ ಮನೆಯ ಮೀಟರು ಈಗ ಹಿತ್ತಲಿನ ಕಾಯಿಲ್ ಒಲೆ, ನೀರು ಕಾಯಿಸುವ ರಾಡು, ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹೊರಬೇಕಿತ್ತು. ಬೆಳಗಿನ ಶಿಫ್ಟಿನವರು ಎದ್ದ ಅರ್ಧ ಗಂಟೆಯಲ್ಲಿ ಮೀಟರಿನ ಟರ್ಮಿನಲ್ಲು, ಅಂದರೆ ವೈರುಗಳನ್ನು ತೂರಿಸಿ ಸ್ಕ್ರೂ ಬಿಗಿಯುವ ಜಾಗ, ಕಾವಲಿಯಂತೆ ಕಾಯುತ್ತಿತ್ತು.

ಅದನ್ನು ನಾವು ಮುಟ್ಟುವಂತಿರಲಿಲ್ಲ. ಮೀಟರಿನಿಂದ ಈಚೆಗೆ, ಮನೆಯೊಳಗಿನದು ನಮ್ಮದು. ಮೀಟರು, ಅದರ ಮುಚ್ಚಳ, ಕಂಬದಿಂದ ಬರುವ ವೈರು ಕರೆಂಟ್ ಆಫೀಸಿನದು. ಮುಚ್ಚಳಕ್ಕೆ ತಂತಿ ಪೋಣಿಸಿ ಸೀಲು ಒತ್ತಿರುತ್ತಿದ್ದರು. ನಮ್ಮ ಗೋಡೆಯ ಮೇಲೆಯೇ ಇರುವ ಬೀಗ, ಬೀಗದ ಕೈ ಮಾತ್ರ ಅವರ ಹತ್ತಿರ. ಸೀಲು ಕಿತ್ತಿದ್ದರೆ ಯಾರು ಕಿತ್ತರು ಎಂದು ಕೇಳುವ ಮೊದಲೇ ಮನೆಯವರ ಮೇಲೆ ಕರೆಂಟ್ ಕಳ್ಳತನದ ಕೇಸು.

ಆದರೂ ಮುಟ್ಟುತ್ತಿದ್ದೆವು. ತಂತಿಯನ್ನು ಗೋಡೆಯ ಕಡೆಯಿಂದ ಕತ್ತರಿಸಿ, ಸೀಲು ಬಿಚ್ಚಿ, ಸ್ಕ್ರೂ ಬಿಗಿದು, ತಂತಿಯನ್ನು ಮತ್ತೆ ಪೋಣಿಸಿ ಹಿಂದೆಯೇ ಹುರಿ ಮಾಡಿ ಅಡಗಿಸುವುದು. ಮುಂದೆ ನಿಂತು ನೋಡಿದವರಿಗೆ ಸೀಲು ನೆಟ್ಟಗಿದೆ. ಇದಕ್ಕೆ ನಮ್ಮಲ್ಲಿ ಮರುಮದುವೆ ಎಂದು ಹೆಸರು.

“ಇವತ್ತು ಎಷ್ಟು ಮರುಮದ್ವೆ ಮಾಡ್ಸಿದ್ಯೋ ಪುರೋಯ್ತಾ?” ಎಂದು ಲೈನ್‌ಮನ್ ಚಿಕ್ಕಣ್ಣನೇ ನನ್ನನ್ನು ರೇಗಿಸುತ್ತಿದ್ದ. ನಮ್ಮ ಕಡೆಯ ಬೀದಿಗಳಿಗೆಲ್ಲ ಅವನೊಬ್ಬನೇ. ನಾವು ಬಿಗಿಯದಿದ್ದರೆ ಅವನು ಬಿಗಿಯಬೇಕು.

ಆ ವರ್ಷ ಸೀಸದ ಸೀಲು ಹೋಗಿ ನೀಲಿ ಪ್ಲಾಸ್ಟಿಕ್ಕಿನದು ಬಂತು. ಅದರ ಮೇಲೆ ಇರುವೆ ಸಾಲಿನಂಥ ನಂಬರು. ನಂಬರಿರುವುದನ್ನು ನಾನು ನೋಡಿದ್ದೆ. ನೋಡಿದ್ದೆ, ಅಷ್ಟೆ. ಸೀಸಕ್ಕೆ ನಂಬರಿರಲಿಲ್ಲ, ಒಂದು ಸೀಸದ ಹಾಗೇ ಇನ್ನೊಂದು. ವರ್ಷಗಟ್ಟಲೆ ಸೀಸ ಹಿಡಿದ ಕೈಗೆ ಓದುವ ಅಭ್ಯಾಸವಿರಲಿಲ್ಲ.

ಆಷಾಢದ ಗಾಳಿ ಶುರುವಾಗಿ ನಾಲ್ಕೈದು ದಿನ ಸೋನೆ ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಜಯಕ್ಕ ಹೇಳಿಕಳಿಸಿದರು. ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚುವುದು ಅವರ ಕೆಲಸ. ಹಿತ್ತಲಲ್ಲಿ ನಾಲ್ಕು ರೂಮು ಬಾಡಿಗೆಗೆ ಕೊಟ್ಟಿದ್ದರು. ಅವುಗಳ ವೈರಿಂಗ್ ಮಾಡಿದವನು ನಾನೇ. ಹೆರಿಗೆಗೆ ಬಂದಿದ್ದ ಮಗಳು ಹದಿನೈದು ದಿನದ ಕೂಸಿನೊಂದಿಗೆ ಒಳಗಿನ ಕೋಣೆಯಲ್ಲಿದ್ದಳು. ಮೀಟರು ಆ ಕೋಣೆಯ ಗೋಡೆಯ ಈಚೆ ಬದಿಗೆ.

“ಮೂರು ದಿವ್ಸದಿಂದ ವಾಸ್ನೆ ಕಣಪ್ಪ ನಿಂಗ್ರಾಜು. ಅರಗಿನ ವಾಸ್ನೆ ಅಂದ್ಕಂಡು ಸುಮ್ಕಿದ್ದೆ,” ಎಂದರು ಜಯಕ್ಕ. “ಈಗ ನೋಡುದ್ರೆ ಹೊಗೆ!”

ಮುಚ್ಚಳದ ಸಂದಿಯಿಂದ ಮೇಲಕ್ಕೆ ಗೋಡೆಯ ಮೇಲೆ ಮಸಿ ನಾಲಿಗೆ ಚಾಚಿತ್ತು.

“ಮೇನ್ ಆಫ್ ಮಾಡ್ಬುಡಿ ಜಯಕ್ಕ. ಕಂಪ್ಲೇಂಟ್ ಕೊಟ್ಟು ಕಾಯಿರಿ. ಇದು ನಾವು ಮುಟ್ಟೋ ಜಾಗ ಅಲ್ಲ.”

“ಕೊಟ್ಟಿವ್ನಿ. ಬುಕ್ಕಲ್ಲಿ ಬರ್ಕಂಡವ್ರೆ. ಗಾಳಿಗೆ ಎಲ್ಲಾ ಕಡೆ ಲೈನ್ ಬಿದ್ದೋಗೈತಂತೆ, ಮೂರ್ ನಾಕ್ ದಿನ ಆಯ್ತದಂತೆ. ಬಾಣಂತಿ ಮಡೀಕಂಡು ನಾಕ್ ದಿನ ಕತ್ತಲೇಲಿ ಎಂಗಪ್ಪ ಇರಾದು?”

ನಾಲ್ಕು ದಿನ ಕತ್ತಲಲ್ಲಿ ಇರಬಹುದಿತ್ತು. ಇದನ್ನು ಈಗ ಬರೆಯುವುದು ಸುಲಭ. ಆಗ ಕೂಸು ಅಳುತ್ತಿತ್ತು ಎಂದು ನೆನಪು. ಅಥವಾ ನಾನು ಸೀಲು ಕತ್ತರಿಸಿದ್ದಕ್ಕೆ ಕಾರಣ ಬೇಕೆಂದು ಆಮೇಲೆ ಅಳಿಸಿದೆನೋ ಏನೋ.

ಮೇನ್ ಆರಿಸಿದರೂ ಮೀಟರಿಗೆ ಬರುವ ಕಂಬದ ವೈರು ಜೀವಂತವೇ ಇರುತ್ತದೆ. ಅದನ್ನು ಆರಿಸಲು ಮನೆಯಲ್ಲಿ ಸ್ವಿಚ್ಚಿಲ್ಲ. ಒಣಗಿದ ಗೋಣಿಚೀಲ ಮಡಿಸಿ ಮರದ ಸ್ಟೂಲಿನ ಮೇಲೆ ಹಾಸಿ, ಅದರ ಮೇಲೆ ಹವಾಯಿ ಚಪ್ಪಲಿಯಲ್ಲಿ ನಿಂತೆ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಎರಡು ಕೈಯೂ ತಗಲಿದರೆ ಎದೆಯ ಮೂಲಕ ಹೋಗುತ್ತದೆ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ಕತ್ತಿನಿಂದ ಬೆವರಿಳಿದು ಬೆನ್ನ ಮೇಲೆ ಹರಿಯುವುದು ಗೊತ್ತಾಗುತ್ತಿತ್ತು. ಆ ಬೆವರೂ ಕರೆಂಟಿಗೆ ದಾರಿಯೇ ಎಂಬ ಯೋಚನೆ ಬಂತು. ತಂತಿ ಕತ್ತರಿಸಿದೆ. ಸೀಲನ್ನು ಎಡಜೇಬಿಗೆ ಹಾಕಿದೆ. ಮುಚ್ಚಳ ತೆಗೆದರೆ ಒಳಗೆ ವೈರಿನ ತುದಿ ಬೆಂದು ಪುಡಿಯಾಗಿತ್ತು. ಅದಕ್ಕೆ ಹೊಸ ತಾಮ್ರದ ಲಗ್ಗು, ಅಂದರೆ ವೈರಿನ ತುದಿಗೆ ತೊಡಿಸುವ ಕೊಳವೆ, ಬೇಕು. ಮುಚ್ಚಳ ಆನಿಸಿ, ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ, ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೊರಟೆ.

ಅಂಗಡಿಯಲ್ಲಿ ದೊಡ್ಡಮಳೂರಿನ ರಾಮೇಗೌಡ ಮೇಷ್ಟ್ರು ನನಗಾಗಿಯೇ ಕಾದಿದ್ದರು. ರಿಟೈರಾದ ಮೇಷ್ಟ್ರು. ಮನೆಯ ದೀಪ ಒಮ್ಮೆ ಮಂಕು ಒಮ್ಮೆ ಜೋರಾಗುತ್ತಿದೆ, ಟೀವಿ ಸುಟ್ಟುಹೋಗುತ್ತದೆ, ಹತ್ತೇ ನಿಮಿಷ ಬಾ ಎಂದು ಅವರ ಸ್ಕೂಟರಿನಲ್ಲೇ ಕೂರಿಸಿಕೊಂಡು ಹೋದರು. ಅಲ್ಲಿ ಸುಟ್ಟಿರಲಿಲ್ಲ. ಒಂದು ಸ್ಕ್ರೂ ಸಡಿಲವಾಗಿತ್ತು ಅಷ್ಟೆ. ಸೀಲು ತೆಗೆದು, ಬಿಗಿದು, ಮರುಮದುವೆ ಮಾಡಿಸಿ, ಲಗ್ಗು ಹಿಡಿದು ಜಯಕ್ಕನ ಮನೆಗೆ ಓಡಿದೆ. ಅಲ್ಲೂ ಕೆಲಸ ಮುಗಿಸಿ ಜೇಬಿನ ಸೀಲು ಪೋಣಿಸಿದೆ. ಜಯಕ್ಕ ದೊಡ್ಡ ಲೋಟದಲ್ಲಿ ಕಾಫಿ ಕೊಟ್ಟರು.

ಇಷ್ಟೇ ನಡೆದದ್ದು. ಹತ್ತು ದಿನ ಅದನ್ನು ಮರೆತೂ ಇದ್ದೆ.

ಹತ್ತು ದಿನದ ಮೇಲೆ ಅಂಗಡಿಯ ಮುಂದೆ ಚಿಕ್ಕಣ್ಣ ಸಿಕ್ಕಿದ. ರೇಗಿಸಲಿಲ್ಲ.

“ಏನ್ಲಾ ನಿಂಗ, ಕೇಳ್ದಾ? ಬೆಂಗ್ಳೂರಿಂದ ಸ್ಕ್ವಾಡ್ ಬತ್ತೈತೆ. ಮನೆ ಮನೆಗೂ ನುಗ್ಗಿ ಸೀಲಿನ ನಂಬರ್ ಓದ್ತಾರಂತೆ. ಯಾವ್ ಮನೆಗೆ ಯಾವ್ ನಂಬರು ಅಂತ ಆಫೀಸ್ ರಿಜಿಸ್ಟ್ರಲ್ಲಿ ಐತೆ.”

“ನಂಬರ್ ಬ್ಯಾರೆ ಇದ್ರೆ?”

“ಬ್ಯಾರೆ ಎಂಗ್ಲಾ ಇರ್ತದೆ?” ಎಂದು ನನ್ನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿದ. “ಬ್ಯಾರೆ ಇದ್ರೆ ಮನೆಯವ್ರ ಮ್ಯಾಲೆ ಕೇಸು. ಕರೆಂಟ್ ಅಲ್ಲೇ ಕಟ್. ಕಟ್ಟಿದವ್ನು ಸಿಕ್ರೆ ಪರ್ಮಿಟ್ಟೂ ಓಯ್ತು.”

ಎರಡು ಸೀಲು. ಒಂದೇ ದಿನ. ಆ ದಿನ ನನ್ನ ಎಡಜೇಬಿನಲ್ಲಿ ಎರಡೂ ಒಟ್ಟಿಗೆ ಇದ್ದವೇ?

ಅಲ್ಲಿಂದ ಶುರುವಾದ ಹೆದರಿಕೆ ಕರೆಂಟಿನ ಹೆದರಿಕೆಯಂತಲ್ಲ. ಕರೆಂಟಿಗೆ ಹೆದರಿದವನಿಗೆ ಎಲ್ಲಿ ಮುಟ್ಟಬಾರದೆಂದು ಗೊತ್ತಿರುತ್ತದೆ. ನಾನು ಆ ದಿನವನ್ನು ಮತ್ತೆ ಮತ್ತೆ ಆಡಿಸಿ ನೋಡಿದೆ. ಮೇಷ್ಟ್ರ ಮನೆಯಲ್ಲಿ ಸೀಲು ತೆಗೆದು ಜೇಬಿಗೆ ಹಾಕಿದೆ, ಕೆಲಸ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಪೋಣಿಸಿದೆ: ಇದು ಒಂದು. ಮೇಷ್ಟ್ರ ಮನೆಯ ಸೀಲನ್ನು ಜೇಬಿಗೆ ಹಾಕಲೇ ಇಲ್ಲ, ಸ್ಕ್ರೂ ಕಚ್ಚಿಕೊಳ್ಳುವಂತೆ ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ, ಪ್ಲಾಸ್ಟಿಕ್ಕಿನ ರುಚಿ ಈಗಲೂ ನಾಲಿಗೆಯ ಮೇಲಿದೆ: ಇದು ಇನ್ನೊಂದು. ಮೊದಲನೆಯದು ನಿಜವಾದರೆ ಸೀಲು ಅದಲುಬದಲಾಗಿರಬಹುದು. ಎರಡನೆಯದು ನಿಜವಾದರೆ ಎಲ್ಲವೂ ಸರಿಯಿದೆ. ಎರಡೂ ಅಷ್ಟೇ ಸ್ಪಷ್ಟ. ಒಂದೊಂದು ಸಲ ಆಡಿಸಿದಾಗಲೂ ಎರಡಕ್ಕೂ ಹೊಸ ವಿವರ ಸೇರಿಕೊಳ್ಳುತ್ತಿತ್ತು. ಮೇಷ್ಟ್ರ ಮನೆಯ ಬೆಕ್ಕು ಒಂದರಲ್ಲಿ ಬಾಗಿಲಲ್ಲಿತ್ತು, ಇನ್ನೊಂದರಲ್ಲಿ ಕಿಟಕಿಯ ಮೇಲೆ.

ಏನೋ ನೆಪ ಹೇಳಿ ಎರಡೂ ಮನೆಗೆ ಹೋಗಿ ನಂಬರು ಓದಿಕೊಂಡೆ. ಜಯಕ್ಕನ ಮನೆಯದು ಏಳರಲ್ಲಿ ಮುಗಿಯುತ್ತಿತ್ತು, ಮೇಷ್ಟ್ರ ಮನೆಯದು ಮೂರರಲ್ಲಿ. ಓದಿ ಏನು ಬಂತು? ಯಾವುದು ಯಾರದೆಂದು ರಿಜಿಸ್ಟರಿಗೆ ಮಾತ್ರ ಗೊತ್ತು. ರಿಜಿಸ್ಟರು ತೋರಿಸಿ ಎಂದು ಕೇಳಿದರೆ ಒಪ್ಪಿಕೊಂಡಂತೆಯೇ.

ಆದರೆ ಮೇಷ್ಟ್ರ ಮನೆಯಲ್ಲಿ ನಾನು ಇನ್ನೊಂದನ್ನು ಕಂಡೆ. ಅಲ್ಲಿಯ ಸೀಲಿನ ಮೇಲೆ ಮಸಿಯಿತ್ತು. ಜಯಕ್ಕನ ಮನೆಯದು ಚೊಕ್ಕಟವಾಗಿತ್ತು. ಸುಟ್ಟದ್ದು ಜಯಕ್ಕನ ಮನೆಯ ಮೀಟರು, ಮೇಷ್ಟ್ರ ಮನೆಯಲ್ಲಿ ಹೊಗೆಯೇ ಇರಲಿಲ್ಲ. ಹಾಗಾದರೆ ಮಸಿ ಹಿಡಿದ ಸೀಲು ಜಯಕ್ಕನದು. ಅದಲುಬದಲಾಗಿದೆ. ಅನುಮಾನವೇ ಇಲ್ಲ. ಆ ಕ್ಷಣದಲ್ಲಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ನೆನಪು ತಾನಾಗಿ ಮಸುಕಾಯಿತು. ಜೇಬಿನದು ಗಟ್ಟಿಯಾಯಿತು. ಎಷ್ಟು ಗಟ್ಟಿಯಾಯಿತೆಂದರೆ, ಮೇಷ್ಟ್ರ ಮನೆಯಲ್ಲಿ ತಪ್ಪು ಸೀಲನ್ನು ಜೇಬಿನಿಂದ ತೆಗೆಯುವ ನನ್ನ ಬೆರಳುಗಳೇ ನನಗೆ ಕಂಡವು.

ಮರುದಿನ ಮಧ್ಯಾಹ್ನ ಸ್ಕ್ರೂ ಇನ್ನೊಮ್ಮೆ ನೋಡಬೇಕೆಂದು ಮೇಷ್ಟ್ರಿಗೆ ಹೇಳಿ ಅವರ ಮನೆಯ ಸೀಲು ಬಿಚ್ಚಿದೆ. ಅವರು ಪೇಪರಿನಿಂದ ತಲೆಯೆತ್ತಲಿಲ್ಲ. ಅದನ್ನು ಜೇಬಿಗೆ ಹಾಕಿ ನನ್ನ ಮೊಪೆಡ್ಡು ಹತ್ತಿದೆ. ಮಳೆ ಹನಿಯುತ್ತಿತ್ತು. ಹಿಂದೆ ಮೇಷ್ಟ್ರ ಮನೆಯ ಮೀಟರು ಸೀಲಿಲ್ಲದೆ ಬರಿದಾಗಿದೆ. ಅಷ್ಟರಲ್ಲಿ ಎದುರಿನಿಂದ ಬಿಳಿ ಜೀಪು. ಕೈ ಬ್ರೇಕನ್ನು ಮರೆಯಿತು, ಹಳ್ಳಕ್ಕಿಳಿದು ನಿಂತೆ. ಜೀಪು ಹಾದುಹೋಯಿತು. ಅದರ ಮೇಲೆ ಯಾವುದೋ ಕಾರ್ಖಾನೆಯ ಹೆಸರು. ಹಳ್ಳದಲ್ಲಿ ನಿಂತೇ ಉಸಿರು ಬಿಟ್ಟೆ. ಕೈ ಎಡಜೇಬನ್ನು ಮುಟ್ಟಿ ನೋಡಿತು. ಸೀಲು ಇತ್ತು.

ಜಯಕ್ಕ ಬಾಗಿಲಲ್ಲೇ ನನ್ನ ಮುಖ ನೋಡಿದರು.

“ಯಾಕೋ ನಿಂಗ್ರಾಜು, ದೆವ್ವ ಮೆಟ್ಕಂಡಂಗೆ ಆಗಿದ್ದೀಯ?”

“ಏನಿಲ್ಲ ಜಯಕ್ಕ. ಒಸಿ ಬ್ಯಾಟ್ರಿ ಹಿಡ್ಕಳಿ. ಎರಡು ನಿಮ್ಷದ ಕೆಲ್ಸ.”

ಮೇನ್ ಆರಿಸಿ, ಮೋಡದ ಮಬ್ಬಿನಲ್ಲಿ ಅವರು ಬ್ಯಾಟರಿ ಹಿಡಿದು ನಿಂತರು. ಅವರ ಕೈ ಅಲುಗಲಿಲ್ಲ. ಅವರ ಸೀಲು ತೆಗೆದು ಬಲಜೇಬಿಗೆ, ಎಡಜೇಬಿನದನ್ನು ಅಲ್ಲಿಗೆ. ಈ ಸಲ ಜೇಬು ತಪ್ಪಲಿಲ್ಲ. ತಿರುಗಿ ದೊಡ್ಡಮಳೂರಿಗೆ ಹೋಗಿ ಬಲಜೇಬಿನದನ್ನು ಅಲ್ಲಿ ಪೋಣಿಸಿದೆ. ಅವತ್ತು ಹೊಟ್ಟೆ ತುಂಬ ಉಂಡೆ.

ನಾಲ್ಕನೇ ದಿನ ಸ್ಕ್ವಾಡ್ ಜಯಕ್ಕನ ಬೀದಿಗೆ ಬಂತು. ಸುದ್ದಿ ತಿಳಿದು ನಾನೂ ಜಯಕ್ಕನ ಮನೆಯ ಮುಂದೆ ಸೇರಿದವರ ನಡುವೆ ನಿಂತೆ. ಎಲ್ಲ ಸರಿಯಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಒಬ್ಬ ನಂಬರು ಓದಿದ. ಆಫೀಸರು ರಿಜಿಸ್ಟರಿನ ಮೇಲೆ ಬೆರಳಿಟ್ಟು ತಲೆಯಾಡಿಸಿದರು.

“ಇನ್ನೊಂದ್ಸಲ ಓದು.”

ಓದಿದ. ಮೂರರಲ್ಲಿ ಮುಗಿಯಿತು.

“ಇಲ್ಲಿ ಏಳು ಇದೆ,” ಎಂದರು ಆಫೀಸರು. “ಏನಮ್ಮಾ, ಸೀಲು ಯಾರು ಮುಟ್ಟಿದ್ದು?”

ಏಳು ಜಯಕ್ಕನದೇ. ಅವತ್ತು ಎಲ್ಲವೂ ಸರಿಯಾಗಿಯೇ ಇತ್ತು. ನಾನೇ ಹೋಗಿ ಕೆಡಿಸಿದ್ದೆ.

“ಅಯ್ಯೋ ಸಾ, ನಾನೇನೂ ಮುಟ್ಟಿಲ್ಲ,” ಎಂದರು ಜಯಕ್ಕ. “ಮಸಿ ಆಗಿತ್ತು ಅಂತ ಒದ್ದೆಬಟ್ಟೇಲಿ ಒರೆಸ್ದೆ, ಅಷ್ಟೇಯ. ಗ್ವಾಡೆ, ಡಬ್ಬ, ಆ ನೀಲಿದು, ಎಲ್ಲಾನೂ ಒರೆಸ್ದೆ. ಕೂಸಿರೋ ಮನೆ ಅಲ್ವಾ?”

ಒರೆಸಿದ್ದರು. ಅದಕ್ಕೇ ಚೊಕ್ಕಟ. ಮೇಷ್ಟ್ರ ಮನೆಯ ಸೀಲಿನ ಮಸಿ? ಅಂದು ಜಯಕ್ಕನ ಮನೆಯಲ್ಲಿ ಮಸಿಗಟ್ಟಿದ ಮುಚ್ಚಳ ಹಿಡಿದಿದ್ದ ನನ್ನ ಬೆರಳುಗಳನ್ನು ನೋಡಿಕೊಂಡೆ. ಅದೇ ಬೆರಳಿನಲ್ಲೇ ಮೇಷ್ಟ್ರ ಮನೆಯ ಸೀಲು ಹಿಡಿದಿದ್ದೆ. ಬಹುಶಃ ಅದೇ ಬೆರಳಿನಿಂದ ಹಲ್ಲಿನ ನಡುವೆ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಏಣಿ ಬಂತು. ಕರೆಂಟು ಕತ್ತರಿಸಲು ಕಂಬ ಹತ್ತಿದವನು ಚಿಕ್ಕಣ್ಣ. ನನ್ನ ಕಡೆ ನೋಡದೆ ಹತ್ತಿದ. ಜಯಕ್ಕನ ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. “ಕಳ್ಳತನ ಅಂದ್ರೆ ಪೊಲೀಸ್ರೂ ಬತ್ತಾರೇನವ್ವಾ?” ಎಂದಳು.

“ನಾನು ಸಾರ್,” ಎಂದೆ. “ಮುಟ್ಟಿದ್ದು ನಾನು. ಇವ್ರ ಸೀಲು ದೊಡ್ಡಮಳೂರಲ್ಲಿ ಐತೆ.”

ಕರೆಂಟ್ ಆಫೀಸಿನಲ್ಲಿ ಕೂರಿಸಿ ಬಿಳಿ ಹಾಳೆ ಕೊಟ್ಟರು. ಸಾಕ್ಷಿಗೆಂದು ಜಯಕ್ಕನನ್ನೂ ಕರೆಸಿದರು. ಆಫೀಸರು ಕೂಗಾಡುವವರಲ್ಲ. ಅದೇ ಹೆಚ್ಚು ಹೆದರಿಕೆ.

“ಸುಟ್ಟಿದ್ದಕ್ಕೆ ಬಿಚ್ಚಿದೆ, ಗಡಿಬಿಡೀಲಿ ಅದಲುಬದಲಾಯ್ತು ಅಂದ್ರೆ ಅದೊಂದು ತಪ್ಪು. ಗೊತ್ತಿದ್ದೂ ಮತ್ತೆ ಬಿಚ್ಚಿದ್ರೆ ಅದು ಬೇರೆ. ಆಗ ಮನೆಯವರೂ ಸೇರಿದಾರೆ ಅಂತಾಗುತ್ತೆ. ಎಷ್ಟು ಸಲ ಬಿಚ್ಚಿದೆ?”

ಜಯಕ್ಕ ಬ್ಯಾಟರಿ ಹಿಡಿದದ್ದು ಕಣ್ಣ ಮುಂದೆ ಬಂತು.

“ಒಂದೇ ಸಲ ಸಾರ್.”

ಹಾಗೆಂದೇ ಬರೆದೆ. ಬೆಳಿಗ್ಗೆ, ಹೊಗೆ, ಲಗ್ಗು, ಮೇಷ್ಟ್ರು, ಒಂದೇ ಜೇಬಿನಲ್ಲಿ ಎರಡು ಸೀಲು, ಗಡಿಬಿಡಿ. ಎಲ್ಲಿಯೂ ತೊಡಕಿಲ್ಲದ ಬರಹ. ಕೆಳಗೆ ಸಾಕ್ಷಿಯ ಜಾಗ. ಜಯಕ್ಕ ಬೆರಳಿಟ್ಟು ನಿಧಾನವಾಗಿ ಓದಿದರು. ಓದಿ ಮುಗಿಸಿ ನನ್ನ ಕಡೆ ಬಾಗಿ, ನನಗೊಬ್ಬನಿಗೇ ಕೇಳುವಂತೆ ಅಂದರು:

“ಎರಡ್ನೇ ಸಲ ಬಂದಿದ್ದು ಇದ್ರಲ್ಲಿ ಇಲ್ವಲ್ಲೋ.”

ಪೆನ್ನು ಅವರ ಕಡೆ ಸರಿಸಿದೆ. ಅವರು ಸಹಿ ಹಾಕಿದರು.

ಎರಡೂ ಮನೆಯವರ ಮೇಲೆ ಕಳ್ಳತನದ ಕೇಸು ಬರಲಿಲ್ಲ. ಹೊಸ ಮೀಟರು ಬರುವವರೆಗೆ ಜಯಕ್ಕನ ಮನೆಗೆ ಕರೆಂಟಿರಲಿಲ್ಲ. ಅದು ನಾಲ್ಕು ದಿನಕ್ಕಿಂತ ಬಹಳ ಹೆಚ್ಚಾಯಿತು. ಬಾಣಂತಿ ಅಷ್ಟೂ ದಿನ ಕತ್ತಲಲ್ಲೇ ಇದ್ದಳು. ಬಾಡಿಗೆಯವರು ಎರಡು ರೂಮು ಖಾಲಿ ಮಾಡಿದರು. ನನ್ನ ಪರ್ಮಿಟ್ಟನ್ನು ಒಂದು ವರ್ಷ ಕಿತ್ತುಕೊಂಡರು. ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟಿನ ಮೇಲೆ ಪ್ಯಾನಲ್ ರೂಮು ಗುಡಿಸಿದೆ. ಜಯಕ್ಕ ಆಮೇಲೆ ಒಂದು ಬಲ್ಬು ಹಾಕಲೂ ನನ್ನನ್ನು ಕರೆಯಲಿಲ್ಲ. ಸಿಕ್ಕಾಗ ಮಾತಾಡಿಸುತ್ತಿದ್ದರು. ಕೆಲಸಕ್ಕೆ ಮಾತ್ರ ಬೇರೆಯವರು.

ಹೋದ ತಿಂಗಳ ಪೂಜೆಯ ದಿನ, ಊಟದ ಎಲೆಯಿಂದ ಎದ್ದು ಕೈತೊಳೆದು ಹೊರಗಿನ ಗೋಡೆಗೆ ಬಂದೆ. ಮೀಟರು ಈಗ ಮನೆಯ ಹೊರಗೆ, ಪೆಟ್ಟಿಗೆಯೊಳಗೆ. ಮಹಡಿಯ ಹೊಸ ದೀಪಗಳೆಲ್ಲ ಉರಿಯುತ್ತಿದ್ದವು. ಪೆಟ್ಟಿಗೆಯ ಕೆಳಗೆ ಕೈ ಇಟ್ಟರೆ ಬಿಸಿ. ಅಂದು ಸೆರಗಿನೊಳಗಿದ್ದ ಕೂಸು, ಈಗ ಡಿಗ್ರಿ ಓದುತ್ತಿರುವವಳು, ಹಿಂದೆಯೇ ಬಂದಳು.

“ಮಾಮ, ನೀವೇ ವೈರ್‌ಮನ್ ಅಲ್ವಾ? ನೀವೇ ಒಂದ್ಸಲ ನೋಡ್ಬಿಡಿ. ನೆಂಟ್ರೆಲ್ಲ ಬಂದವ್ರೆ.”

“ಮೇನ್ ಆಫ್ ಮಾಡವ್ವ. ಫೋನ್ ಮಾಡು ಕರೆಂಟ್ ಆಫೀಸ್ನವ್ರಿಗೆ. ಬರಾಗಂಟ ಕಾಯಾನ.”

ಫ್ಯಾನು ನಿಂತಿತು. ಒಳಗೆ ನೆಂಟರು ಗೊಣಗಿದರು. ಜಯಕ್ಕ ಕೋಲೂರಿಕೊಂಡು ಹೊರಬಂದು ಜಗಲಿಯ ಮೇಲೆ ನನ್ನ ಪಕ್ಕ ಕುಳಿತರು. ಲೈನ್‌ಮನ್ ಬರುವವರೆಗೂ ನಾವಿಬ್ಬರೂ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದೆವು. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಬೇಕೆನ್ನಿಸಿತು.

“ಜಯಕ್ಕ, ಅವತ್ತು ನಾನು ಎರಡ್ನೇ ಸಲ ಬಂದಾಗ ನೀವು ಬ್ಯಾಟ್ರಿ ಹಿಡ್ದಿದ್ರಲ್ಲ...”

“ಎರಡ್ನೇ ಸಲವಾ?” ಎಂದರು ಅವರು, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ. “ನೀನೆಲ್ಲಿ ಬಂದಿದ್ದೆ ಎರಡ್ನೇ ಸಲ? ಒಂದೇ ಸಲ ಕಣೋ ಬಂದಿದ್ದು.”

ಮರೆತಿದ್ದಾರೆಯೇ? ಸಹಿ ಹಾಕಿದ ಹಾಳೆಯನ್ನು ಇನ್ನೂ ಕಾಯುತ್ತಿದ್ದಾರೆಯೇ? ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಬ್ಯಾಟರಿಯ ಬೆಳಕು, ಹಳ್ಳ, ಬಿಳಿ ಜೀಪು, ಎಲ್ಲವನ್ನೂ ಕಂಡವನು ಈಗ ನಾನೊಬ್ಬನೇ. ನಾನೊಬ್ಬನೇ ಕಂಡದ್ದರ ಗತಿ ಏನಾಗುತ್ತದೆಂದು ನನಗೆ ಗೊತ್ತು. ಬೆನ್ನ ಮೇಲೆ ಹಳೆಯ ಬೆವರು ಇಳಿಯಿತು.

ಮೂರು ಗಂಟೆಗೆ ಲೈನ್‌ಮನ್ ಬಂದ. ಹೊಸಬ, ಚಿಕ್ಕಣ್ಣನ ಹೆಸರೂ ಕೇಳದವನು. ಪೆಟ್ಟಿಗೆ ತೆರೆದು ಸೀಲನ್ನು ಹಿಡಿದು ತಿರುಗಿಸಿ ನೋಡಿದ.

“ಇದ್ನ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲ,” ಎಂದೆವು ಜಯಕ್ಕ ಮತ್ತು ನಾನು, ಒಟ್ಟಿಗೆ.

ಈ ಸಲ ಅದು ನಿಜವಾಗಿತ್ತು. ಆದರೂ ನನ್ನ ಕೈ ಎಡಜೇಬಿಗೆ ಹೋಯಿತು.